ಸುಮಿಯೆ ಆಂಟಿಯ ತೊಟ್ಟಿ ನೀರು

ಇದನ್ನು ಕೊನೆಯ ತನಕ ಕೇಳಿ, ನಡುವೆ ಎದ್ದು ಹೋಗಬೇಡಿ. ಹರಿಣಿಯನ್ನು ಬೈಯುವುದಿದ್ದರೆ ಆಮೇಲೆ ಬೈಯಿರಿ.

ತೊಂಬತ್ತೇಳರ ದೀಪಾವಳಿ. ಗಂಡ ಅವಿನಾಶ್ ದೂರದ ಊರು ಷಾರ್ಲಟ್‌ನ ಪ್ರಾಜೆಕ್ಟಿಗೆ ಹೋದವನು ಹಬ್ಬಕ್ಕೂ ಬರಲಿಲ್ಲ. ಪರದೇಶದ ಊರು ಸ್ಟರ್ಲಿಂಗ್‌ನ ಬಾಡಿಗೆ ಮನೆಯಲ್ಲಿ ಹರಿಣಿ ಒಬ್ಬಳೇ. ಕೆಲಸಕ್ಕೆ ಸೇರಲು ವೀಸಾ ಇಲ್ಲ, ಕಾರು ಓಡಿಸಲು ಬರುವುದಿಲ್ಲ. ತಾನೇ ತಲೆಗೆ ಎಣ್ಣೆ ಒತ್ತಿಕೊಂಡು ಷವರ್ ತಿರುಗಿಸಿದರೆ ಹೀಟರ್ ಕೆಟ್ಟು ತಣ್ಣೀರು. ಮೈಸೂರಿನಲ್ಲಾಗಿದ್ದರೆ ಅಮ್ಮ ಹಂಡೆಯಿಂದ ಮೊಗೆಮೊಗೆದು, ಉಸಿರಾಡಲೂ ಬಿಡದೆ ನೀರು ಹುಯ್ಯುತ್ತಿದ್ದರು.

ತಲೆಗೆ ಟವೆಲ್ ಸುತ್ತಿಕೊಂಡು ಬಿಸಿನೀರು ಕೇಳಲು ಪಕ್ಕದ ಮನೆಯ ಬಾಗಿಲು ತಟ್ಟಿದಳು. ಎಪ್ಪತ್ತು ದಾಟಿದ ಜಪಾನಿ ವಿಧವೆ ಸುಮಿಯೆ. ಆ ಬೀದಿಯಲ್ಲಿ ಹರಿಣಿಯನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಅವರೊಬ್ಬರೇ.

"ಬಾ. ನಂದೂ ಸ್ನಾನದ ಹೊತ್ತು. ಅತಿಥಿ ಮೊದಲು."

ಒಳಗೆ ಮರದ ತೊಟ್ಟಿ, ಅದರ ತುಂಬ ಹಬೆಯಾಡುವ ನೀರು. ಪಕ್ಕದಲ್ಲಿ ಮಣೆ, ಪುಟ್ಟ ಬಕೆಟ್ಟು.

"ಮೊದಲು ಹೊರಗೆ ಕೂತು ಎಣ್ಣೆಗಿಣ್ಣೆ ಎಲ್ಲಾ ತೊಳ್ಕೋ. ಆಮೇಲೆ ತೊಟ್ಟಿಗಿಳಿ."

"ತೊಳ್ಕೊಂಡ ಮೇಲೆ ಮತ್ತೆ ನೀರಿಗ್ಯಾಕೆ ಆಂಟಿ?"

"ಕೂತು ನೋಡು, ಗೊತ್ತಾಗತ್ತೆ."

ಕೂತಳು. ಕತ್ತಿನ ತನಕ ಬಿಸಿನೀರು, ಅಳು ಬಂತು. ಎದ್ದ ಮೇಲೆ ತೊಟ್ಟಿಯ ತಳದ ಬಿರಡೆಯ ಸರಪಳಿ ಎಳೆದು ನೀರೆಲ್ಲ ಬಿಟ್ಟಳು. ಮಿಂದ ನೀರನ್ನು ಹಿರಿಯರಿಗೆ ಉಳಿಸುವುದುಂಟೇ? ಬ್ರಷ್ ಹಿಡಿದು ತೊಟ್ಟಿಯನ್ನೂ ತಿಕ್ಕಿದಳು.

ಹೊರಗೆ ಸುಮಿಯೆ ಟವೆಲ್ ಹಿಡಿದು ನಿಂತಿದ್ದರು.

"ಖಾಲಿ ಮಾಡಿದ್ಯಾ?"

"ಹೂಂ ಆಂಟಿ, ಕ್ಲೀನಾಗಿ ತಿಕ್ಕಿಟ್ಟಿದೀನಿ."

"ಪರವಾಗಿಲ್ಲ," ಎಂದು ಅವರು ಟವೆಲನ್ನು ಮತ್ತೆ ಮಡಿಚಿದರು.

ಆಮೇಲೆ ಎರಡು ಮೂರು ದಿನ ಅವರು ಕಿಟಕಿಯಿಂದ ತಲೆಯಾಡಿಸಿದರೇ ಹೊರತು ಕರೆಯಲಿಲ್ಲ. ಇದನ್ನು ಕೇಳಿ ಫೋನಿನಲ್ಲಿ ಅವಿನಾಶ್ ನಕ್ಕ. "ಅಯ್ಯೋ ಗೂಬೆ, ಜಪಾನಿಗಳ ಮನೇಲಿ ಎಲ್ಲರೂ ಒಬ್ಬರಾದ ಮೇಲೊಬ್ಬರು ಅದೇ ನೀರಲ್ಲಿ ಕೂರ್ತಾರೆ. ಅಜ್ಜಿ ನೀರನ್ನೇ ಚೆಲ್ಲಿ ಬಂದ್ಯಲ್ಲೇ."

"ನಾನು ಕೂತ ನೀರಲ್ಲಿ ದೊಡ್ಡೋರು ಕೂರೋದಾ? ಥೂ, ನೀವು ಸುಮ್ನಿರಿ."

ಆದರೂ ಮರುದಿನ ಹೋಗಿ ತಪ್ಪಾಯಿತೆಂದಳು. ಸುಮಿಯೆ ಟೀ ಬಗ್ಗಿಸಿ ಕೊಟ್ಟರು.

"ಗಂಡ ಹೋದ ಮೇಲೆ ಒಬ್ಬಳೇ ಕಾಯಿಸ್ತೀನಿ, ಒಬ್ಬಳೇ ಚೆಲ್ತೀನಿ. ಅವತ್ತು ಇನ್ನೊಬ್ಬರು ಬಿಟ್ಟ ನೀರಲ್ಲಿ ಕೂರೋ ಆಸೆ ಆಗಿತ್ತು. ಇವತ್ತು ಸ್ನಾನ ಮಾಡು. ನೀರು ಹಾಗೇ ಬಿಡು."

ಮಿಂದೆದ್ದಾಗ ನೀರಿನ ಮೇಲೆ ತನ್ನದೇ ಒಂದು ಕೂದಲು ತೇಲುತ್ತಿತ್ತು. ತೆಗೆದಳು. ಕೈ ಸರಪಳಿಯ ಮೇಲೇ ನಿಂತಿತು. ತಾನು ಕಾಲಿಗೆ ಬೀಳಬೇಕಾದ ಹಿರಿಯರು ತನ್ನ ಮೈಲಿಗೆ ನೀರಿಗೆ ಇಳಿಯುವುದೆಂದರೆ! ಎಳೆದರೆ, ತನಗಿರುವ ಒಂದೇ ಬಾಗಿಲೂ ಮುಚ್ಚುತ್ತದೆ.

ಹೊರಗೆ ಚಪ್ಪಲಿ ಸದ್ದು. "ಹರಿಣಿ, ಆಯ್ತಾ?"

ಸರಪಳಿ ಎಳೆಯದೆ ಬಂದಳು, ಸುಮಿಯೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗೆ ನೀರು ತುಳುಕಿತು, ಉದ್ದನೆಯ ನಿಟ್ಟುಸಿರು ಕೇಳಿತು. ಹರಿಣಿ ಮನೆಗೆ ಹೋಗದೆ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೇ ಕೂತಳು.

"ಇನ್ನೂ ಬಿಸಿ ಇದೆ," ಎಂದಿತು ಒಳಗಿನ ದನಿ.

"ಹೂಂ ಆಂಟಿ."

ಅಮ್ಮನಿಗೆ ಇದನ್ನು ಅವಳು ಇವತ್ತಿಗೂ ಹೇಳಿಲ್ಲ. ನೀವಾಗಿದ್ದರೆ ಸರಪಳಿ ಎಳೆಯುತ್ತಿದ್ದಿರಾ, ಬಿಡುತ್ತಿದ್ದಿರಾ?