ಗಾಳಿಕಿಂಡಿಯ ಕಟಕಟ

ನಿವೃತ್ತರಾದ ಹಲ್ಲಿನ ಡಾಕ್ಟರ ಕೈಗೆ ಹಳೆಯ ಕಾರು ಕೊಡಬಾರದು. ಕೊಟ್ಟರೆ ಏನಾಗುತ್ತದೆ ಎಂಬುದನ್ನು ನಮ್ಮ ಡಾಕ್ಟರ ಶೆಡ್ಡಿಗೆ ಬಂದು ನೋಡಬೇಕು. ಬಿಚ್ಚಿದ ಸ್ಕ್ರೂಗಳೆಲ್ಲ ಸ್ಟೀಲಿನ ತಟ್ಟೆಗಳಲ್ಲಿ, ಒಂದೊಂದಕ್ಕೂ ಚೀಟಿ: ‘ಮೇಲಿನ ಬಲ’, ‘ಕೆಳಗಿನ ಎಡ’. ಡ್ಯಾಶ್‌ಬೋರ್ಡ್ ಕಳಚುವ ಮುಂಚೆ ಅದಕ್ಕೆ, “ಸ್ವಲ್ಪ ನೋಯುತ್ತೆ, ಅಷ್ಟೆ” ಎಂದು ಧೈರ್ಯ ಹೇಳಿದ್ದನ್ನು ಅವರ ಹೆಂಡತಿ ಕಿವಿಯಾರೆ ಕೇಳಿದ್ದಾರೆ.

ಈ ಹುಚ್ಚಿಗೆ ಕಾರಣವಿಲ್ಲದೆ ಇರಲಿಲ್ಲ. ಕಾರು ಅಪ್ಪನದು. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಅಂದಿನಿಂದ ಅಮ್ಮ ಮನೆಯ ಗೇಟು ದಾಟಿರಲಿಲ್ಲ. ಈಗ ಊರಿನ ಆ ತುದಿಯಲ್ಲಿ ಚಿಕ್ಕಮ್ಮ ಕಾಲು ಮುರಿದುಕೊಂಡು ಮಲಗಿ, “ಅಕ್ಕನ್ನ ಒಂದ್ಸಲ ಕರ್ಕೊಂಡು ಬಾರೋ” ಎಂದು ದಿನಾ ಫೋನು ಮಾಡುತ್ತಿದ್ದರು. ಡಾಕ್ಟರು ಅಮ್ಮನನ್ನು ಬೇಡಿದರು, ಗೋಗರೆದರು, ಒಂದು ದಿನ ಊಟ ಬಿಟ್ಟು ಮುನಿಸಿಕೊಂಡೂ ನೋಡಿದರು. ಅಮ್ಮ ಜಗ್ಗಲಿಲ್ಲ. ಕೊನೆಗೊಮ್ಮೆ ಹೇಳಿದರು: “ನಿಮ್ಮಪ್ಪನ ಕಾರು ಹೊರಡಿಸು, ಬರ್ತೀನಿ. ಬೇರೆ ಯಾವುದಕ್ಕೂ ಹತ್ತಲ್ಲ.”

ಇಂಜಿನ್ನನ್ನು ಮೆಕ್ಯಾನಿಕ್ ಮೂರು ದಿನದಲ್ಲಿ ಸರಿಮಾಡಿ ಹೋದ. ಗಾಜು, ಸೀಟು, ಡ್ಯಾಶ್‌ಬೋರ್ಡಿನಿಂದ ಫ್ಯಾನಿನ ಗಾಳಿ ಬರುವ ಗಾಳಿಕಿಂಡಿ ತನಗಿರಲಿ ಎಂದು ಡಾಕ್ಟರು ಪಟ್ಟು ಹಿಡಿದರು. ಅದಕ್ಕೆ ಮೂರು ತಿಂಗಳು ಹಿಡಿಯಿತು. ಮುಂದಿನ ಗಾಜಿನ ಮೇಲೆ ವೈಪರ್ ಎಳೆದ ಗೆರೆಗಳನ್ನು ಹಲ್ಲು ಹೊಳೆಯಿಸುವ ಪೇಸ್ಟಿನಿಂದ ಉಜ್ಜಿದರು. ಕಿಟಕಿ ಗಾಜು ಇಳಿಯುವ ಸಂದಿನ ಕೊಳೆಯನ್ನು ಹಲ್ಲಿನ ಪಾಚಿ ಕೆರೆಯುವ ಕೊಕ್ಕೆಯಿಂದ ಕೆರೆದರು. ಹರಿದ ಸೀಟಿಗೆ ಒಸಡಿಗೆ ಹಾಕುವಂಥ ಹೊಲಿಗೆ ಹಾಕಿದರು. ಆಮೇಲೆ ಗಾಳಿಕಿಂಡಿಯ ಜಾಲರಿ ತೆಗೆದು, ಉದ್ದ ಹಿಡಿಕೆಯ ಪುಟ್ಟ ಕನ್ನಡಿ ತೂರಿಸಿ ನೋಡಿದರೆ, ಒಳಗೊಂದು ಹಲ್ಲು!

“ಮೇಲಿನ ಎಡಗಡೆ ಮುಂಬಲ್ಲು, ಹಾಲುಹಲ್ಲು. ತುದೀಲಿ ಮುಕ್ಕಾಗಿದೆ. ನಂದೇ ಕಣೇ ಇದು!” ಎಂದು ಅವರು ಹೆಂಡತಿಯ ಮುಂದೆ ಕುಣಿದಾಡಿದರು. ಆರು ವರ್ಷದವರಿದ್ದಾಗ ಗೇಟು ಹತ್ತಿ ಬಿದ್ದು ಅಲುಗಾಡಿದ ಹಲ್ಲು, ಕಾರಿನಲ್ಲೇ ಉದುರಿತ್ತು. ಬೈಗುಳಕ್ಕೆ ಹೆದರಿ ಜಾಲರಿಯೊಳಗೆ ತುರುಕಿ ಸುಮ್ಮನಾಗಿದ್ದರು.

“ಮೂವತ್ತು ವರ್ಷ ಕಂಡವರ ಹಲ್ಲು ನೋಡಿದ್ದಾಯ್ತು, ಈಗ ನಿಮ್ಮದು ಬೇರೆ” ಎಂದ ಹೆಂಡತಿ, ಡಾಕ್ಟರು ಕೈತೊಳೆಯಲು ಹೋದಾಗ ವ್ಯಾಕ್ಯೂಮ್ ಕ್ಲೀನರ್ ತಂದು ಶೆಡ್ಡಿನಲ್ಲೆಲ್ಲ ಎಳೆದಾಡಿದರು. ತಟ್ಟೆಯ ಪಕ್ಕ ಇಟ್ಟಿದ್ದ ಹಲ್ಲೂ ಕಸದ ಜೊತೆ ಅದರ ಚೀಲ ಸೇರಿತು.

ಮರುದಿನ ಅಮ್ಮ ಬಂದು ಮುಂದಿನ ಸೀಟಿನಲ್ಲಿ ಕೂತರು. ಹೊಲಿಗೆ ಸವರಿದರು, ಗಾಜು ಇಳಿಸಿ ಏರಿಸಿದರು, ತಲೆದೂಗಿದರು. ಡಾಕ್ಟರು ಉಬ್ಬಿಹೋಗಿ ಫ್ಯಾನು ಹಾಕಿದರು. ಗಾಳಿ ನುಣ್ಣಗೆ ಬಂತು. ಅಮ್ಮನ ಮುಖ ಬಾಡಿತು.

“ಕಟಕಟ ಎಲ್ಲಿ?”

“ಯಾವ ಕಟಕಟ, ಅಮ್ಮಾ?”

“ಇದು ಅವರ ಕಾರಲ್ಲ ಬಿಡು.” ಅಮ್ಮ ಇಳಿದು ಒಳಗೆ ಹೋದರು.

ಆಗ ಡಾಕ್ಟರಿಗೆ ನೆನಪಾಯಿತು. ಫ್ಯಾನು ಹಾಕಿದಾಗಲೆಲ್ಲ ಡ್ಯಾಶ್‌ಬೋರ್ಡಿನೊಳಗೆ ಕಟಕಟ ಎನ್ನುತ್ತಿತ್ತು. “ಒಳಗೆ ಯಾರೋ ಚಳಿಗೆ ಹಲ್ಲು ಕಡೀತಿದಾರೆ” ಎಂದು ಅಪ್ಪ ನಗುತ್ತಿದ್ದರು. ಜೀವಮಾನವಿಡೀ ಹಲ್ಲು ಕಿತ್ತ ಚಾಳಿ, ಇಲ್ಲೂ ಒಂದು ಕಿತ್ತು ಎಲ್ಲ ಹಾಳುಮಾಡಿತಲ್ಲ ಎಂದು ಡಾಕ್ಟರು ತಲೆ ಚಚ್ಚಿಕೊಂಡರು.

ಹಲ್ಲಿಗೇನು ಬರ? ಹಳೆಯ ಕ್ಲಿನಿಕ್ಕಿನಲ್ಲಿ ಕಿತ್ತ ಹಲ್ಲುಗಳ ಸೀಸೆ ತಂದು ಒಂದು ದವಡೆಹಲ್ಲನ್ನು ಕಿಂಡಿಗೆ ಹಾಕಿದರು. ಮನೆಯ ಕಿಟಕಿಯಿಂದ ಅಮ್ಮನ ದನಿ ಬಂತು: “ಅದು ದಡದಡ!” ಕೋರೆಹಲ್ಲು ಹಾಕಿದರು. ಅದು ಒಮ್ಮೆ ಟಕ್ ಎಂದು ಎಲ್ಲೋ ಸಿಕ್ಕಿಕೊಂಡು ಬಾಯಿ ಮುಚ್ಚಿತು. ಕೊನೆಗೆ ಗಂಡ ಹೆಂಡತಿ ಪೇಪರು ಹಾಸಿ, ವ್ಯಾಕ್ಯೂಮ್ ಕ್ಲೀನರಿನ ಚೀಲ ಸುರುವಿಕೊಂಡು ಕೂತರು. ಕೂದಲು, ಗುಂಡಿ, ‘ಕೆಳಗಿನ ಎಡ’ದ ಎರಡು ಸ್ಕ್ರೂ. ಎರಡು ಗಂಟೆ ಸೀನಿದ ಮೇಲೆ ಹೆಂಡತಿಯ ಬೆರಳಿಗೇ ಅದು ಸಿಕ್ಕಿತು.

ಹಲ್ಲನ್ನು ಕಿಂಡಿಗೆ ಹಾಕಿ, ಜಾಲರಿ ಕೂರಿಸಿ, ಫ್ಯಾನು ತಿರುಗಿಸಿದರು. ಕಟಕಟಕಟ. ಕರೆಯುವ ಮೊದಲೇ ಅಮ್ಮ ಬಂದು ಹತ್ತಿ ಕೂತಿದ್ದರು.

“ಅಮ್ಮಾ, ಅದು ನನ್ನ ಹಲ್ಲು. ಅಪ್ಪನಿಗೆ ಹೇಳೇ ಇರ್ಲಿಲ್ಲ” ಎಂದರು ಡಾಕ್ಟರು, ಆರು ವರ್ಷದವರಂತೆ ತಲೆ ತಗ್ಗಿಸಿ.

“ಅವರಿಗೆ ಗೊತ್ತಿತ್ತು ಕಣೋ. ನೀನು ಹಾಸ್ಟೆಲ್‌ಗೆ ಹೋದ ವಾರ, ಏನು ಸದ್ದು ಅಂತ ಇದನ್ನ ಬಿಚ್ಚಿದ್ರು. ಹಲ್ಲು ಸಿಕ್ತು. ಅಂಗೈಲಿಟ್ಕೊಂಡು ತುಂಬಾ ಹೊತ್ತು ಇಲ್ಲೇ ಕೂತಿದ್ರು. ಆಮೇಲೆ ಅಲ್ಲೇ ಹಾಕಿ ಮುಚ್ಚಿದ್ರು. ‘ಹುಡುಗ ಇಲ್ಲ, ಅವನ ಸದ್ದಾದ್ರೂ ಇರ್ಲಿ’ ಅಂದ್ರು.”

ಡಾಕ್ಟರು ಬಟ್ಟೆ ತಗೊಂಡು ಮುಂದಿನ ಗಾಜನ್ನು ಒರೆಸತೊಡಗಿದರು. ಗಾಜಿನ ಮೇಲೆ ಏನೂ ಇರಲಿಲ್ಲ.

“ಒರೆಸಿದ್ದು ಸಾಕು” ಎಂದರು ಅಮ್ಮ. “ನನ್ನ ತಂಗಿ ಕಾಯ್ತಿದಾಳೆ. ಹೋಗಿ ಗೇಟು ತೆಗಿ.”