ಖಾಲಿ ಗೂಡಿನ ಸದ್ದು

ಗುರಲಿಂಗಪ್ಪನವರು ಯಾರ ಮುಖವನ್ನೂ ನೋಡಿ ಮಾತನಾಡುತ್ತಿರಲಿಲ್ಲ. ಕತ್ತನ್ನು ಎಡಕ್ಕೆ ವಾಲಿಸಿ ಬಲಗಿವಿಯನ್ನು ಮುಂದೊಡ್ಡಿ, ಎದುರಿನವರ ಮಾತಿಗಿಂತ ಅವರ ಉಸಿರನ್ನೇ ಆಲಿಸುವವರಂತೆ ನಿಲ್ಲುತ್ತಿದ್ದರು. ಪರೇಲಿನ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ, ರೋಗಿಗಳ ಸ್ಕ್ಯಾನ್ ಚಿತ್ರಗಳೆಲ್ಲ ಬಂದು ಸೇರುವ ಥಂಡಿ ಸರ್ವರ್ ರೂಮಿನಲ್ಲಿ ಇಪ್ಪತ್ತೆರಡು ವರ್ಷ ಕಳೆದ ಈ ವಿಜಯಪುರದ ಮನುಷ್ಯ, ಮೇ ತಿಂಗಳ ಧಗೆಯಲ್ಲೂ, ಲೋಕಲ್ ರೈಲಿನ ನೂಕುನುಗ್ಗಲಲ್ಲೂ ತಮ್ಮ ಕಂದು ಉಣ್ಣೆಕೋಟನ್ನು ಬಿಚ್ಚಿದವರಲ್ಲ.

ದಹಿಸರಿನಿಂದ ಬರುತ್ತಿದ್ದ ಶೀತಲ ಅವರ ಮೇಲಧಿಕಾರಿಯಾಗಿ ಸೇರಿದ ದಿನವೇ ಅವರು ತಮ್ಮ ವಿದ್ಯೆಯನ್ನೆಲ್ಲ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ್ದರು. ಬಲಗಡೆಯದು ಜೋಡಿ ಡಿಸ್ಕು. ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಇರುತ್ತದೆ, ಓದುವಾಗ ಎರಡೂ ಕೈಹಚ್ಚುತ್ತವೆ, ಜಾಗ ಮಾತ್ರ ಅರ್ಧ ಹೋಗುತ್ತದೆ. ಎಡಗಡೆಯದು ಐದರ ಸಂಸಾರ; ಒಂದು ಸತ್ತರೆ ಉಳಿದ ನಾಲ್ಕನ್ನೂ ಓದಿ, ಸತ್ತದ್ದರಲ್ಲಿ ಏನಿತ್ತೆಂದು ಲೆಕ್ಕಹಾಕಿ ಹೇಳುತ್ತದೆ.

"ಈ ಐದಕ್ಕ ಚೂರು ಬರೀಬೇಕಂದ್ರೂ ಹಳೇದನ್ನ ಎರಡು ಕಡೆ ಓದಿ, ಮತ್ತ ಎರಡು ಕಡೆ ಬರೀಬೇಕು. ಓದೂದು ಹಗುರ, ಬರಿಯೂದು ಭಾರ. ಒಂದು ಸತ್ತ ಮ್ಯಾಲೆ ಓದೂದೂ ಭಾರನ."

ಆಷಾಢದ ಒಂದು ಮಧ್ಯಾಹ್ನ ಆ ಐದರಲ್ಲಿ ಮೂರನೆಯದು ಸತ್ತಿತು. ಮೇಲಿನ ಮಹಡಿಗಳಲ್ಲಿ ಡಾಕ್ಟರುಗಳೆದುರಿನ ಚಿತ್ರಗಳು ತೆವಳತೊಡಗಿದವು. ಸತ್ತ ಡಿಸ್ಕನ್ನು ಕಿತ್ತು ಮೇಜಿನ ಮೇಲಿಟ್ಟು ಶೀತಲ ಹೊಸದನ್ನು ಕೂರಿಸಲು ಬಾಗಿದಾಗ, ಗುರಲಿಂಗಪ್ಪನವರು ಅಡ್ಡ ಬಂದು ಖಾಲಿ ಗೂಡಿಗೆ ಕಿವಿ ಹಚ್ಚಿದರು.

"ತಡಿ ಯವ್ವಾ. ಇನ್ನೂ ಬಡಕೊಳ್ಳಾಕತ್ತೈತಿ."

"ಅಲ್ಲೇನೂ ಇಲ್ಲ ಅಂಕಲ್. ಬಾಕಿ ನಾಲ್ಕೂ ಠೀಕ್ ಹೈ, ಸ್ಕ್ರೀನ್ ನೋಡಿ."

"ನಾಲ್ಕರಾಗ ಒಂದಕ್ಕ ಸಾವಿನ ಕರಿ ಬಂದೈತಿ. ಹೊಸಾದು ಕೂಡಿಸಿದ್ರ ಎಲ್ಲಾನೂ ಮೂಲಿಮೂಲಿ ಓದಬೇಕಾಗತೈತಿ. ಆ ಭಾರಕ್ಕ ಅದೂ ಹೋಗತೈತಿ. ಎರಡು ಹೋದ್ರ ಏನೂ ಸಿಗಂಗಿಲ್ಲ. ಈ ವಾರದ ಚಿತ್ರ ಬ್ಯಾರೆ ಎಲ್ಲೂ ಇಲ್ಲ. ಮೊದಲ ಅವನ್ನ ಜೋಡಿಗೆ ಇಳಸು."

ಅವರ ಭ್ರಮೆಯನ್ನು ಅವರಿಗೇ ತೋರಿಸಬೇಕೆಂದು ಶೀತಲ ತಾನೂ ಕಿವಿಯಿಟ್ಟಳು. ಕಬ್ಬಿಣದ ಪೊಳ್ಳಿನೊಳಗಿಂದ, ಯಾರೋ ಉಗುರಿನಿಂದ ಮೆಲ್ಲಗೆ ತಟ್ಟಿದಂತೆ, ಟಿಕ್... ಟಿಕ್ ಟಿಕ್. ಕಿತ್ತ ಡಿಸ್ಕು ಮೇಜಿನ ಮೇಲೆ ತಣ್ಣಗೆ ಬಿದ್ದಿತ್ತು. ಅವಳು ಹೊಸದಾಗಿ ಬರುವ ಚಿತ್ರಗಳನ್ನೆಲ್ಲ ಜೋಡಿಯತ್ತ ತಿರುಗಿಸಿ, ಆ ವಾರದ ನಲವತ್ತೊಂದು ಜನರ ಚಿತ್ರಗಳನ್ನು ಮೂರು ಗಂಟೆ ಕೂತು ಇಳಿಸಿದಳು. ಆಮೇಲೆ ಹೊಸ ಡಿಸ್ಕು ಕೂರಿಸಿದರು. ಸತ್ತದ್ದನ್ನು ಹೊಸದರಲ್ಲಿ ಮರಳಿ ಕಟ್ಟುವ ಕೆಲಸ ಶೇಕಡಾ ಏಳಕ್ಕೆ ಬಂದಾಗ, ಪರದೆಯ ಮೇಲೆ ಒಂದು ಎಚ್ಚರಿಕೆಯೂ ಮೂಡದೆ, ಹಳೆಯ ನಾಲ್ಕರಲ್ಲೊಂದಾದ ಐದನೆಯ ಡಿಸ್ಕು ನಿಂತುಹೋಯಿತು.

ಹಳೆಯ ಚಿತ್ರಗಳನ್ನು ಹಿಂದಿನ ವಾರದವರೆಗಿನ ನಕಲಿದ್ದ ಟೇಪಿನಿಂದ ತರಬಹುದಿತ್ತು, ತಂದರು. ಆ ನಲವತ್ತೊಂದು ಜನರವು ಮಾತ್ರ ಇಳಿಸದಿದ್ದರೆ ಇರುತ್ತಿರಲಿಲ್ಲ.

"ನಿಮಗೆ ಡರ್ ಆಗಲ್ವಾ ಅಂಕಲ್, ಇಲ್ಲಿ ಒಬ್ರೇ?" ಎಂದು ಶೀತಲ ಕೇಳಿದಳು.

"ಅಂಜಿಕಿ ಬರತೈತಿ," ಎಂದರು ಅವರು. "ಬಂದ್ರೂ ನಿಲ್ಲಬೇಕಲ್ಲ."

ಮಹಾನಗರಗಳ ನೆಲದಡಿಯಲ್ಲಿ ಇಂಥ ಕೆಲವರಿರುತ್ತಾರೆ. ಮೇಲೆ ಬದುಕುಳಿದವರಿಗೆ ಅವರ ಹೆಸರೂ ತಿಳಿಯದು. ಯಂತ್ರಗಳೊಡನೆ ದೀರ್ಘಕಾಲ ಏಕಾಂತದಲ್ಲಿ ಬಾಳಿದ ಅವರ ಅರಿವಿಗೆ ಪುರಾವೆ ಕೇಳಿದರೆ ಅವರು ನಾಚಿಕೊಳ್ಳುತ್ತಾರೆ. ಕೇಳದೆ ನಂಬಿದರೆ ನಾವು ನಡುಗುತ್ತೇವೆ.