ಕಿಟಕಿಯಿಲ್ಲದ ಕೋಣೆಯ ತೆರಿಗೆ

ಮನೆಯವರೆಲ್ಲ ಗುಬ್ಬಿ ಎಂದು ಕರೆಯುತ್ತಿದ್ದ ಆ ಹುಡುಗಿ ಪರದೇಶಕ್ಕೆ ಬಂದದ್ದು ತುಕ್ಕಿನ ಮೇಲೆ ಸಂಶೋಧನೆ ಮಾಡಲು. ವಿಶ್ವವಿದ್ಯಾಲಯದವರು ವಿದ್ಯಾರ್ಥಿವೇತನ ಕೊಟ್ಟಿದ್ದರು: ಬೋಧನಾ ಶುಲ್ಕ ಮಾಫಿ, ಕೈಖರ್ಚಿಗೆ ಒಂದಿಷ್ಟು, ಇರಲು ಪುಕ್ಕಟೆ ಕೋಣೆ. ಕೋಣೆಯಿದ್ದದ್ದು ಹಾಸ್ಟೆಲಿನ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ನೇರ ಕೆಳಗೆ. ಯಂತ್ರ ತಿರುಗಿದಾಗಲೆಲ್ಲ ಮೇಜಿನ ಮೇಲಿನ ಲೋಟ ತಾನಾಗಿಯೇ ಅಂಚಿನ ಕಡೆಗೆ ಹೊರಡುತ್ತಿತ್ತು. ಅವಳು ಪುಸ್ತಕದಿಂದ ಕಣ್ಣೆತ್ತದೆ ಅದನ್ನು ಹಿಂದಕ್ಕೆ ಎಳೆದುಕೊಳ್ಳುವುದನ್ನು ರೂಢಿಸಿಕೊಂಡಿದ್ದಳು.

ವರ್ಷ ತುಂಬುವಷ್ಟರಲ್ಲಿ ತೆರಿಗೆ ಇಲಾಖೆಯಿಂದ ಕರೆ ಬಂತು. ಕೌಂಟರಿನ ಆಚೆ ಕೂತಿದ್ದ ಅಧಿಕಾರಿ ಸಭ್ಯಸ್ಥ. ಕೆಟ್ಟ ಸುದ್ದಿಯನ್ನೂ ಬಸ್ಸಿನ ವೇಳೆ ಹೇಳುವ ಹಾಗೆ ಹೇಳುತ್ತಿದ್ದ.

"ಶುಲ್ಕ ಮಾಫಿಗೆ ತೆರಿಗೆ ಇಲ್ಲಮ್ಮ, ಅದು ಓದೋಕೆ ಕೊಟ್ಟಿದ್ದು. ಕೈಖರ್ಚಿನ ದುಡ್ಡಿಗೂ ಇಲ್ಲ, ನಿಮ್ಮ ದೇಶದ ಜೊತೆ ಒಪ್ಪಂದ ಇದೆ."

"ಮತ್ತೆ ನನ್ನ ಯಾಕೆ ಕರೆಸಿದ್ರಿ?"

"ಕೋಣೆಗೆ. ಒಪ್ಪಂದದಲ್ಲಿ ದುಡ್ಡು ಅಂತಿದೆ, ಕೋಣೆ ಅಂತಿಲ್ಲ. ಪುಕ್ಕಟೆ ಕೋಣೆ ಅಂದ್ರೆ ನಿಮಗೆ ಬಾಡಿಗೆ ಉಳೀತು. ಉಳಿದಿದ್ದು ಆದಾಯ."

"ಆ ಕೋಣೆನ ನೀವು ನೋಡಿದ್ದೀರಾ ಸರ್?"

"ನೋಡೋ ಪದ್ಧತಿ ಇಲ್ಲ. ತಕರಾರು ಕೊಟ್ರೆ ನೋಡ್ತೀವಿ."

ಕೊಟ್ಟಳು. ಫೋನಿನಲ್ಲಿ ಅಣ್ಣ ಬೈದ. "ಸರ್ಕಾರದವರ ಜೊತೆ ಯಾಕೆ ತಲೆ ಚಚ್ಕೋತೀಯ? ಎಷ್ಟಾಗುತ್ತೋ ನಾನು ಕಳಿಸ್ತೀನಿ."

"ಆ ಗೂಡಿಗೆ ಒಂದಿಡೀ ಮನೆಯ ಬಾಡಿಗೆ ಲೆಕ್ಕ ಹಾಕಿದ್ದಾರೆ ಅಣ್ಣ. ಹೇಗೆ ಸುಮ್ನಿರ್ಲಿ?"

ಅಧಿಕಾರಿ ಬರುವ ದಿನ ಕೋಣೆಯನ್ನು ಇದ್ದ ಹಾಗೆಯೇ ತೋರಿಸಬೇಕಿತ್ತು. ಆದರೆ ಯಾರೋ ಬರುತ್ತಾರೆಂದರೆ ಅವಳ ಕೈ ಕೇಳಬೇಕಲ್ಲ. ಗುಡಿಸಿ, ಒರೆಸಿ, ಹಾಸಿಗೆಗೆ ಮಡಿಕೆ ಬಿಚ್ಚಿದ ಹೊಸ ಹೊದಿಕೆ ಹಾಸಿದಳು. ಆಮೇಲೆ ತನ್ನನ್ನು ತಾನೇ ಬೈದುಕೊಂಡಳು. ಇದ್ದೊಂದು ಕುರ್ಚಿಯಲ್ಲಿ ಆತನನ್ನು ಕೂರಿಸಿ, ಚಹಾ ಕೊಟ್ಟು, ತಾನು ಗೋಡೆಗೊರಗಿ ನಿಂತಳು.

ಮೇಲೆ ಯಂತ್ರ ಶುರುವಾಯಿತು. ಚಹಾದ ಲೋಟ ಹೊರಟಿತು. ಅಧಿಕಾರಿ ಅದರ ಪ್ರಯಾಣವನ್ನು ಪೂರ್ತಿ ನೋಡಿ, ಅಂಚಿನಲ್ಲಿ ಹಿಡಿದ.

"ಕಿಟಕಿ ಎಲ್ಲಿ?"

"ಇಲ್ಲ ಸರ್."

ಆತ ಎದ್ದು ನಾಲ್ಕೂ ಗೋಡೆ ನೋಡಿದ. ಕಪಾಟಿನ ಹಿಂದೆಯೂ ಇಣುಕಿದ. "ಹಾಗಾದ್ರೆ ನೀವು ಗೆದ್ರಿ. ಕಾನೂನಿನ ಪ್ರಕಾರ ಕಿಟಕಿ ಇಲ್ಲದ್ದು ಕೋಣೆ ಅಲ್ಲ, ಉಗ್ರಾಣ. ಉಗ್ರಾಣಕ್ಕೆ ತೆರಿಗೆ ಹಾಕೋಕೆ ಬರಲ್ಲ."

ಗುಬ್ಬಿ ಹಿಗ್ಗಿನಲ್ಲಿ ಇನ್ನೊಂದು ಲೋಟ ಚಹಾ ಬಗ್ಗಿಸಿದಳು.

ಆ ಹಿಗ್ಗು ವಾರ ಕಳೆಯುವುದರೊಳಗೆ ಇಳಿಯಿತು. ಆದೇಶದ ಪ್ರತಿ ಹಾಸ್ಟೆಲಿನ ಮೇಲ್ವಿಚಾರಕಿಗೂ ಹೋಗಿತ್ತು. ಆಕೆ ಬಾಗಿಲಲ್ಲಿ ನಿಂತು, "ಖಾಲಿ ಮಾಡಮ್ಮ. ಉಗ್ರಾಣದಲ್ಲಿ ಮನುಷ್ಯರನ್ನ ಇಟ್ಟಿದ್ದೀನಿ ಅಂದ್ರೆ ನನ್ನ ಕೆಲಸಕ್ಕೆ ಕುತ್ತು," ಎಂದಳು.

"ನಾನೆಲ್ಲಿಗೆ ಹೋಗ್ಲಿ? ಕೋಣೆ ಕೊಡ್ತೀವಿ ಅಂತ ನೀವೇ ಒಪ್ಪಿದ್ದೀರಲ್ಲ."

ಮೇಲ್ವಿಚಾರಕಿ ಲೊಚಗುಟ್ಟಿದಳು. ಖಾಲಿ ಇದ್ದದ್ದು ಮೂರನೇ ಮಹಡಿಯದು ಮಾತ್ರ, ಬಂದುಹೋಗುವ ಪ್ರೊಫೆಸರುಗಳಿಗೆಂದು ಇಟ್ಟದ್ದು. ದೊಡ್ಡ ಮೇಜು, ಬಿಸಿನೀರು, ಎರಡು ಕಿಟಕಿ. ಬೇರೆ ದಾರಿ ಕಾಣದೆ ಬೀಗದಕೈ ಕೊಟ್ಟಳು.

ಗುಬ್ಬಿ ಪೆಟ್ಟಿಗೆ ಬಿಚ್ಚುತ್ತಿರುವಾಗಲೇ ಅಧಿಕಾರಿಯ ಫೋನು. "ಕೋಣೆ ಬದಲಾಯ್ತಂತೆ, ಒಳ್ಳೇದಾಯ್ತು. ಇದನ್ನ ಬಂದು ನೋಡೋ ಅಗತ್ಯ ಇಲ್ಲಮ್ಮ. ಇದು ಕೋಣೆನೇ." ಆಮೇಲೆ ತೆರಿಗೆ ಎಷ್ಟೆಂದು ಹೇಳಿದ. ಮೊದಲಿನದರ ದುಪ್ಪಟ್ಟಾಗಿತ್ತು.

ಕೂಗಾಡಬೇಕೆಂದು ಅವಳು ಬಾಯಿ ತೆರೆದಳು. ಎರಡೂ ಕಿಟಕಿಯಿಂದ ಬಿಸಿಲು ಒಳಗೆ ಬಿದ್ದು, ಹಾಸಿಗೆಯ ಮೇಲೆಲ್ಲ ಹರಡಿತ್ತು. ಬಂದ ಮೇಲೆ ಮೊದಲ ಬಾರಿ ಅವಳ ಕಾಲುಗಳು ಬೆಚ್ಚಗಿದ್ದವು.

"ಕಂತಿನಲ್ಲಿ ಕಟ್ಟಬಹುದಾ ಸರ್?" ಎಂದು ಕೇಳಿದಳು.

ಕಟ್ಟಬಹುದಿತ್ತು. ಮೊದಲ ಕಂತು ಕಟ್ಟಿ ಬರುವಾಗ ಅಂಗಡಿಗೆ ನುಗ್ಗಿ ಹಳದಿ ಪರದೆಗಳನ್ನು ಕೊಂಡಳು. ಆ ತಿಂಗಳ ಕೈಖರ್ಚು ಅಲ್ಲಿಗೆ ಮುಗಿಯಿತು. ಹಾಕಿದ ಮೇಲೆ ನೋಡಿದರೆ ಒಂದು ಗೇಣು ಗಿಡ್ಡ. ಹಾಗೇ ಬಿಟ್ಟಳು.